ಮಾಸ್ಕ್ ಹಾಕಿಕೊಂಡು ವಿಮಾನ ಕಲಿತವರು

ಸೇಡಂನಿಂದ ಕಲಬುರಗಿಗೆ ಹೋಗುವ ಬಸ್ಸಿನಲ್ಲಿ ನನಗೆ ಕಿಟಕಿ ಪಕ್ಕದ ಸೀಟೇ ಬೇಕು. ಶ್ರೀನಿವಾಸ ಸರಡಗಿಯ ವಿಮಾನ ನಿಲ್ದಾಣ ಈ ದಾರಿಯಲ್ಲೇ ಸಿಗುತ್ತದೆ. 2019ರ ನವೆಂಬರ್‌ನಲ್ಲಿ ಅದರ ಉದ್ಘಾಟನೆಯಾಯಿತು. ನಾಲ್ಕೇ ತಿಂಗಳಿಗೆ ದೇಶದ ಮೊದಲ ಕೋವಿಡ್ ಸಾವು ಕಂಡಿದ್ದೂ ನಮ್ಮ ಜಿಲ್ಲೆಯೇ. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಐದು ನಿಲ್ದಾಣಗಳಲ್ಲಿ ಪೈಲಟ್ ತರಬೇತಿಗೆ ಅವಕಾಶ ಕೊಟ್ಟಾಗ ಬೆಳಗಾವಿಯ ಜೊತೆ ಕಲಬುರಗಿಯೂ ಆ ಪಟ್ಟಿಯಲ್ಲಿತ್ತು. ಅಂದರೆ ನಮ್ಮಲ್ಲಿ ವಿಮಾನ ಕಲಿಕೆ ಹುಟ್ಟಿದ್ದೇ ಮಾಸ್ಕ್ ಕಾಲದಲ್ಲಿ.

2022ರ ನವೆಂಬರ್ 16ರಂದು, ವಿಮಾನದಲ್ಲಿ ಮಾಸ್ಕ್ ಇನ್ನು ಕಡ್ಡಾಯವಲ್ಲ ಎಂದು ಕೇಂದ್ರ ಹೇಳಿತು. ನಾನು ಓದಿದ ಸುದ್ದಿಯೆಲ್ಲ ಪ್ರಯಾಣಿಕರದ್ದು. ಕಲಿಯುವವರ ಕಷ್ಟ ಬೇರೆಯೇ ಇತ್ತು.

ತರಬೇತಿ ವಿಮಾನದಲ್ಲಿ ಶಿಕ್ಷಕರೂ ವಿದ್ಯಾರ್ಥಿಯೂ ಭುಜಕ್ಕೆ ಭುಜ ತಾಗಿಸಿ ಕೂರಬೇಕು. ‘ಎರಡು ಗಜ ದೂರ’ ಅಲ್ಲಿ ಬರೀ ತಮಾಷೆ. ಹಾಗಾಗಿ ಮಾಸ್ಕ್ ಬೇಕೇ ಬೇಕಿತ್ತು. ಆದರೆ ಎಂಜಿನ್ ಸದ್ದಿನಲ್ಲಿ ಮಾತು ಕೇಳಬೇಕೆಂದರೆ ಹೆಡ್‌ಸೆಟ್‌ನ ಮೈಕ್ ತುಟಿಗೆ ತಾಗುವಷ್ಟು ಹತ್ತಿರ ಇರಬೇಕು. ನಡುವೆ ಮಾಸ್ಕ್ ಬಂದರೆ ಸ, ಫ, ಟ ತರಹದ ತೆಳು ಸದ್ದುಗಳು ಮೊದಲು ಮಸುಕಾಗುತ್ತವೆ. ಮೈಕನ್ನು ಒಳಗೆ ತೂರಿಸಿದರೆ ಮಾಸ್ಕಿನಲ್ಲಿ ಸಂದಿ ಬೀಳುತ್ತದೆ. ಕನ್ನಡಕದವರಿಗೆ ಗಾಜಿಗೆ ಮಂಜು ಬೇರೆ.

ರೇಡಿಯೊದಲ್ಲಿ ತಪ್ಪು ಕೇಳಬಾರದೆಂದೇ ಪೈಲಟ್‌ಗಳು ತ್ರೀಯನ್ನು ‘ಟ್ರೀ’, ಫೈವ್ ಅನ್ನು ‘ಫೈಫ್’, ನೈನ್ ಅನ್ನು ‘ನೈನರ್’ ಎನ್ನುತ್ತಾರೆ. ಕಂಟ್ರೋಲ್ ಟವರ್ ಹೇಳಿದ್ದನ್ನು ತಿರುಗಿ ಒಪ್ಪಿಸಬೇಕು. ಇಷ್ಟು ಎಚ್ಚರ ಇರುವ ಕಡೆಯೇ ಬಾಯಿಗೆ ಬಟ್ಟೆ! ಕನ್ನಡ ಮಾಧ್ಯಮದಲ್ಲಿ ಓದಿದವರಿಗಂತೂ ಇಂಗ್ಲಿಷಿನ ಅಳುಕೂ ಸೇರುತ್ತದೆ. ನಾನು ಬಿ.ಎಸ್ಸಿ ವೈವಾ ಕೊಟ್ಟಿದ್ದು ಮಾಸ್ಕ್ ಹಾಕಿಕೊಂಡೇ. ಪ್ರಶ್ನೆ ಕೇಳಿಸಲಿಲ್ಲ, ಮತ್ತೆ ಕೇಳಲು ನಾಚಿಕೆ, ಸುಮ್ಮನೆ ತಲೆಯಾಡಿಸಿದೆ. ಅಂಕ ಹೋಯಿತು, ಅಷ್ಟೇ. ಸಾವಿರಾರು ಅಡಿ ಮೇಲೆ ಹಾಗೆ ತಲೆಯಾಡಿಸಿದರೆ?

ಅಪ್ಪ ಚಿತ್ತಾಪುರದ ಕಡೆ ಕಲ್ಲು ಪಾಲಿಷ್ ಕೆಲಸ ಮಾಡುತ್ತಾರೆ. ದೂಳಿಗೆ ಬಾಯಿಗೊಂದು ಟವೆಲ್ ಕಟ್ಟಿಕೊಳ್ಳುತ್ತಾರೆ. ಯಂತ್ರದ ಸದ್ದಿನಲ್ಲಿ ಯಾರನ್ನಾದರೂ ಕರೆಯಬೇಕೆಂದರೆ ಅದನ್ನು ಕೆಳಗೆಳೆಯುತ್ತಾರೆ, ದೂಳು ನೇರ ಒಳಗೆ. ಶಹಾಬಾದ್, ವಾಡಿಯ ಕಡೆಯವರಿಗೆ ಇದೇನು ಹೊಸದಲ್ಲ. ಮಾತಿಗೆ ಅಡ್ಡ ಬರುವ ರಕ್ಷಣೆಯನ್ನು ಮನುಷ್ಯ ಕಳಚಿಯೇ ಕಳಚುತ್ತಾನೆ, ಕಾಕ್‌ಪಿಟ್‌ನಲ್ಲೂ.

ಹಾಗಂತ ಮಾಸ್ಕ್ ಬೇಡವಿತ್ತು ಎನ್ನುತ್ತಿಲ್ಲ. ಪಾಠ, ಚರ್ಚೆಯನ್ನೆಲ್ಲ ನೆಲದ ಮೇಲೆ ಬಯಲಲ್ಲೇ ಮುಗಿಸುವುದು, ಒಬ್ಬ ವಿದ್ಯಾರ್ಥಿಗೆ ಒಬ್ಬರೇ ಶಿಕ್ಷಕರು, ಪ್ರತಿಯೊಬ್ಬರಿಗೂ ಸ್ವಂತ ಹೆಡ್‌ಸೆಟ್ ಇವೂ ಅಷ್ಟೇ ಮುಖ್ಯ. ವಾಣಿಜ್ಯ ಲೈಸೆನ್ಸ್‌ಗೆ 200 ಗಂಟೆ ಹಾರಬೇಕು, ಒಂದೊಂದು ಗಂಟೆಗೂ ದುಡ್ಡು. ಕೇಳಿಸದ ಪಾಠಕ್ಕೂ ಬಿಲ್ ಬರುತ್ತದೆ.

ಚಿಂಚೋಳಿಯಲ್ಲಿರುವ ನನ್ನ ಚಿಕ್ಕಪ್ಪನ ಮಗಳು ಪಿಯುಸಿಯಲ್ಲಿ ಭೌತಶಾಸ್ತ್ರ, ಗಣಿತ ಓದುತ್ತಿದ್ದಾಳೆ. ಪೈಲಟ್ ಆಗುವ ಆಸೆ. ಮಾಸ್ಕ್ ಹಾಕಿಕೊಂಡು ಫೋನಿನಲ್ಲಿ ಅಂಕಿ ಹೇಳುತ್ತಾಳೆ, ನಾನು ಬರೆದುಕೊಳ್ಳುತ್ತೇನೆ. ‘ಫೈವ್’, ‘ನೈನ್’ ಎಂದರೆ ಈಗಲೂ ತಪ್ಪುತ್ತೇನೆ. ‘ನೈನರ್’ ಎಂದರೆ ಮಾತ್ರ ಸರಿ ಬರೆಯುತ್ತೇನೆ.