ಬಸರೂರಿನ ಮಂಡಿಬೀದಿ

ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಗೂ ಕಡಲಿಗೂ ಬಹು ದೂರ. ಆದರೆ ಹಳಗನ್ನಡದಲ್ಲಿ ‘ಹರದ’ನೆಂದರೆ ವರ್ತಕ. ಊರ ಹೆಸರಿನಲ್ಲಿ ವಣಿಜರ ನೆನಪು ಅಡಗಿರಬಹುದೆಂಬ ಆಲೋಚನೆಯು ಮನಸ್ಸನ್ನು ಕರಾವಳಿಯ ಬಸರೂರಿಗೆ, ಅಲ್ಲಿಯ ಮಂಡಿಬೀದಿಗೆ ಒಯ್ಯುತ್ತದೆ.

ಕುಂದಾಪುರದ ಸಮೀಪ, ವಾರಾಹಿ ನದಿಯ ದಡದಲ್ಲಿರುವ ಬಸರೂರು ಒಂದು ಕಾಲಕ್ಕೆ ಹೆಸರಾಂತ ರೇವುಪಟ್ಟಣ. ಮಂಡಿಯೆಂದರೆ ಸಗಟು ವ್ಯಾಪಾರದ ಸ್ಥಳವೆಂದು ಓದುಗರಿಗೆ ಹೇಳಬೇಕಾಗಿಲ್ಲ. ಇಲ್ಲಿಯ ಅಕ್ಕಿಯು ಹಡಗನ್ನೇರಿ ಗೋವೆಗೂ ಮಲಬಾರಿಗೂ ಪರ್ಷಿಯಾ ಕೊಲ್ಲಿಯ ಹೋರ್ಮುಜ್‌ಗೂ ಹೋಗುತ್ತಿತ್ತು. ಘಟ್ಟದ ಮೇಲಿನ ಮೆಣಸು ಹೇರೆತ್ತುಗಳ ಬೆನ್ನ ಮೇಲೆ ಇಳಿದು ಬರುತ್ತಿತ್ತು. ಕಡಲಾಚೆಯಿಂದ ಕರಾವಳಿಗೆ ಬರುತ್ತಿದ್ದ ಮುಖ್ಯ ಸರಕು ಕುದುರೆ. ಅದೇ ಊರಿನ ರಾವುತಕೇರಿಯ ಹೆಸರಿನಲ್ಲಿ ಕುದುರೆಸವಾರರು ಇನ್ನೂ ಇದ್ದಾರೆ!

ಅಕ್ಕಿಯ ಆಸೆಗೆ ಬಂದ ಪೋರ್ಚುಗೀಸರು ಇಲ್ಲಿ ಕೋಟೆ ಹಿಡಿದು ಕುಳಿತರು. ಅವರನ್ನು ಹೊರದೂಡಿದವನು ಕೆಳದಿಯ ಶಿವಪ್ಪನಾಯಕ. ವೀರಶೈವ ಅರಸನೆಂದು ನಮಗೆ ಅಭಿಮಾನವಾಗುವುದು ಸಹಜವೇ. ಆದರೆ ಬೀದಿಯನ್ನು ಬೆಳೆಸಿದವರು ಅರಸರಲ್ಲ, ವರ್ತಕರು. ಕರಾವಳಿಯ ಶಾಸನಗಳು ಸೆಟ್ಟಿಕಾರರ ಜೊತೆಯಲ್ಲಿಯೇ ಪರದೇಶದ ವರ್ತಕರ ಸಂಘವಾದ ಹಂಜಮಾನವನ್ನೂ ಹೆಸರಿಸುತ್ತವೆ. 1665ರ ಫೆಬ್ರವರಿಯಲ್ಲಿ ಶಿವಾಜಿಯು ಹಡಗುಗಳೊಡನೆ ಬಂದು ಈ ಪಟ್ಟಣವನ್ನು ಸೂರೆಗೊಂಡುದು ಇದರ ಸಿರಿಯನ್ನು ಕೇಳಿಯೇ.

ಮುಂದೆ ವ್ಯಾಪಾರವು ಮಂಗಳೂರಿನತ್ತ ತಿರುಗಿತು. ಮಂಡಿಗಳು ಹೋದವು, ಹೆಸರು ಉಳಿಯಿತು. ‘ಕೇರಿ’ ಎಂಬ ಪದವನ್ನು ಕೀಳೆಂದು ಭಾವಿಸಿ ‘ನಗರ’ವೆಂದು ಫಲಕ ಬರೆಯಿಸುವ ಉತ್ಸಾಹ ಈಗ ಎಲ್ಲೆಡೆಯೂ ಕಾಣುತ್ತಿದೆ. ಇದನ್ನು ನಾನು ಒಪ್ಪಲಾರೆ. ಶಾಸನವೂ ಕಾಗದಪತ್ರವೂ ಇಲ್ಲದ ಓಣಿಗೆ ಬೇರೆ ಯಾವ ಸಾಕ್ಷಿಯಿದೆ? ತಮ್ಮ ಊರಿನ ಕೇರಿಗಳ ಹಳೆಯ ಹೆಸರುಗಳನ್ನು ಮನೆಯ ಹಿರಿಯರಿಂದ ಕೇಳಿ, ಮಕ್ಕಳ ಕೈಯಿಂದಲೇ ಬರೆಯಿಸಿ ಇಟ್ಟುಕೊಳ್ಳಬೇಕೆಂದು ಶರಣಬಂಧುಗಳಲ್ಲಿ ಅರಿಕೆ.