ಉದಾಸೀನಕ್ಕೆ ತವಕ್ಕುಲ್‌ನ ಹೊದಿಕೆ

ಪದಗಳಿಗೂ ಪತನವಿದೆ. 'ಉದಾಸೀನ' ಎಂಬ ಸಂಸ್ಕೃತ ಪದದ ಮೂಲಾರ್ಥ ದೂರದಲ್ಲಿ ಕುಳಿತವನು. ರಾಗದ್ವೇಷಗಳಿಗೆ ಸಿಲುಕದೆ, ಪಕ್ಷ ವಹಿಸದೆ ನೋಡುವವನು. ಗ್ರೀಸಿನ ಸ್ಟೋಯಿಕ್ ದಾರ್ಶನಿಕರಿಗೆ 'ಅಪಥೆಯ' ಒಂದು ಸದ್ಗುಣವಾಗಿತ್ತು: ಕೋಪ, ಭಯ, ದುರಾಸೆಗಳ ಆಳ್ವಿಕೆಯಿಂದ ಬಿಡುಗಡೆ. ಅದರಿಂದ ಹುಟ್ಟಿದ ಇಂಗ್ಲಿಷಿನ 'ಅಪಥಿ' ಇಂದು ಜಡತೆಯ ಹೆಸರು. ನಮ್ಮ ಕರಾವಳಿಯಲ್ಲಂತೂ ಉದಾಸೀನವೆಂದರೆ ಶುದ್ಧ ಸೋಮಾರಿತನ.

ಇದೇ ಗತಿ ನಮ್ಮ ಪವಿತ್ರ ಪದಗಳಿಗೂ ಬಂದಿದೆ. ಸಂಕಷ್ಟದಲ್ಲೂ ಸತ್ಯದ ಮೇಲೆ ಅಚಲವಾಗಿ ನಿಲ್ಲುವುದು 'ಸಬ್ರ್'; ನಾವದನ್ನು ಸುಮ್ಮನೆ ಕೂರುವುದಕ್ಕೆ ಇಳಿಸಿದೆವು. ಪ್ರಯತ್ನಿಸಿ ಫಲವನ್ನು ಅಲ್ಲಾಹನಿಗೆ ಒಪ್ಪಿಸುವುದು 'ತವಕ್ಕುಲ್'. ನಾವು ಪ್ರಯತ್ನವನ್ನೇ ಅವನಿಗೆ ಒಪ್ಪಿಸಿಬಿಟ್ಟೆವು. ಒಂಟೆಯನ್ನು ಬಿಟ್ಟು ಭರವಸೆಯಿಡಲೇ ಎಂದು ಕೇಳಿದವನಿಗೆ, ಮೊದಲು ಅದನ್ನು ಕಟ್ಟಿಹಾಕಲು ಕಲಿಸಿದವರು ಪ್ರವಾದಿವರ್ಯರು(ಸ). ನಮ್ಮ ಒಂಟೆಗಳು ಬೀದಿಯಲ್ಲಿವೆ. ಕೇಳಿದರೆ 'ತಖ್ದೀರ್' ಎನ್ನುತ್ತೇವೆ.

ಸಾಚಾರ್ ಸಮಿತಿಯ ವರದಿ ಸಂಸತ್ತಿನ ಮುಂದೆ ಬಂದದ್ದು 2006ರ ನವೆಂಬರ್‌ನಲ್ಲಿ. 2001ರ ಜನಗಣತಿಯಂತೆ ದೇಶದ ಜನಸಂಖ್ಯೆಯ ಶೇ. 13.4ರಷ್ಟಿದ್ದ ಮುಸ್ಲಿಮರು ಐಎಎಸ್‌ನಲ್ಲಿ ಶೇ. 3, ಐಪಿಎಸ್‌ನಲ್ಲಿ ಶೇ. 4 ಮಾತ್ರ ಎಂದು ಅದು ತೋರಿಸಿತು. ಸರಕಾರಗಳ ಉದಾಸೀನವನ್ನು ನಾವು ಖಂಡಿಸಿದೆವು; ಖಂಡಿಸಲೇಬೇಕು, ಏಕೆಂದರೆ ನ್ಯಾಯ ನಮ್ಮ ಹಕ್ಕು. ಆದರೆ ಆ ಅಂಕಿ ಅಂಶಗಳನ್ನು ವೇದಿಕೆಗಳಲ್ಲಿ ಉದ್ಧರಿಸಿದ ನಾವು, ನಮ್ಮ ಮಹಲ್ಲಾದಲ್ಲಿ ಶಾಲೆ ಬಿಟ್ಟ ಹುಡುಗರೆಷ್ಟು ಎಂದು ಎಣಿಸಿದ್ದೇವೆಯೇ?

ಮದುವೆಯ ಔತಣಕ್ಕೆ ಸಾವಿರ ಮಂದಿ, ಜಮಾಅತ್‌ನ ಮಹಾಸಭೆಗೆ ಹತ್ತು ಮಂದಿ. ಮತದಾರರ ಕರಡು ಪಟ್ಟಿಯನ್ನು ತೆರೆದೂ ನೋಡದವರು, ಮತದಾನದ ದಿನ ಹೆಸರಿಲ್ಲವೆಂದು ಕೂಗುತ್ತಾರೆ. ವಕ್ಫ್ ಜಮೀನಿನ ಪಹಣಿ ಯಾರ ಹೆಸರಿನಲ್ಲಿದೆಯೆಂದು ಕೇಳದವರು, ಬೇಲಿ ಬಿದ್ದ ಮೇಲೆ ಕಣ್ಣೀರಿಡುತ್ತಾರೆ. ಇದು ವಿರಕ್ತಿಯಲ್ಲ. ವಿರಕ್ತನಿಗೆ ತನ್ನ ಲಾಭದ ಚಿಂತೆಯಿರುವುದಿಲ್ಲ. ನಮಗಿಲ್ಲದಿರುವುದು ನೆರೆಯವನ ಚಿಂತೆ. ಸ್ವಂತ ಅಂಗಡಿಯ ಬಾಗಿಲು ತೆರೆಯಲು ನಾವೆಂದೂ ತಖ್ದೀರ್‌ಗಾಗಿ ಕಾದಿಲ್ಲ!

ಒಂದು ಜನಾಂಗ ತನ್ನನ್ನು ತಾನು ಬದಲಿಸಿಕೊಳ್ಳದೆ ಅದರ ಸ್ಥಿತಿ ಬದಲಾಗದೆಂಬುದು ಪವಿತ್ರ ಕುರ್‌ಆನ್‌ನ ಪಾಠ. ಮುಂದಿನ ಶುಕ್ರವಾರ ಜುಮಾ ಮುಗಿದೊಡನೆ ಚಪ್ಪಲಿ ಹುಡುಕುವ ಮೊದಲು ಎರಡು ಪಟ್ಟಿಗಳನ್ನು ಕೇಳೋಣ: ಶಾಲೆ ಬಿಟ್ಟ ಮಕ್ಕಳದ್ದು, ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದವರದ್ದು. ಅವು ಇಲ್ಲವೆಂದಾದರೆ ಬರೆಯಲು ಅಲ್ಲಿಯೇ ಕುಳಿತುಕೊಳ್ಳೋಣ. ತವಕ್ಕುಲ್‌ನ ಮಾತು ಆಮೇಲೆ.