ಜಪಾನ್–ಚೀನಾ ವಾಣಿಜ್ಯ ಅವಲಂಬನೆ

ಚೀನಾ ಜಪಾನಿನ ಅತಿದೊಡ್ಡ ವಾಣಿಜ್ಯ ಪಾಲುದಾರ ರಾಷ್ಟ್ರವಾಗಿದೆ. ಪೂರ್ವ ಚೀನಾ ಸಮುದ್ರದ ಸೆಂಕಾಕು ದ್ವೀಪಗಳ ಒಡೆತನದ ವಿವಾದವು ಈ ಸಂಬಂಧವನ್ನು ಪದೇ ಪದೇ ಬಾಧಿಸಿದೆ. 2010ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಚೀನಾದ ಮೀನುಗಾರಿಕಾ ದೋಣಿಯೊಂದು ಜಪಾನಿನ ಕರಾವಳಿ ಕಾವಲು ನೌಕೆಗಳಿಗೆ ಡಿಕ್ಕಿ ಹೊಡೆಯಿತು. ಜಪಾನ್ ದೋಣಿಯ ನಾಯಕನನ್ನು ಬಂಧಿಸಿದ ಬಳಿಕ, ಚೀನಾದಿಂದ ಬರುತ್ತಿದ್ದ ವಿರಳ ಭೂಧಾತುಗಳ ಪೂರೈಕೆಗೆ ತಡೆಯುಂಟಾಯಿತು. ನಿಷೇಧ ಹೇರಿದ್ದನ್ನು ಚೀನಾ ನಿರಾಕರಿಸಿತು. ಹೈಬ್ರಿಡ್ ಕಾರುಗಳ ಮೋಟಾರಿನ ಆಯಸ್ಕಾಂತಗಳಿಗೆ ಅಗತ್ಯವಾದ ಈ ಧಾತುಗಳ ಸುಮಾರು 90 ಪ್ರತಿಶತ ಆಗ ಚೀನಾದಿಂದಲೇ ಬರುತ್ತಿತ್ತು. 2011ರಲ್ಲಿ ಜಪಾನ್ ಆಸ್ಟ್ರೇಲಿಯಾದ ಗಣಿ ಕಂಪನಿ ಲೈನಾಸ್‌ಗೆ 25 ಕೋಟಿ ಡಾಲರ್ ಹಣಕಾಸು ಒದಗಿಸಿತು. ಮರುಬಳಕೆ ಮತ್ತು ಬದಲಿ ವಸ್ತುಗಳ ಸಂಶೋಧನೆಯೂ ನಡೆಯಿತು. ನಂತರದ ವರ್ಷಗಳಲ್ಲಿ ಚೀನಾದ ಪಾಲು ಸುಮಾರು 60 ಪ್ರತಿಶತಕ್ಕೆ ಇಳಿಯಿತು. ಆದರೆ ಡಿಸ್ಪ್ರೋಸಿಯಂನಂತಹ ಭಾರ ಧಾತುಗಳ ಸಂಸ್ಕರಣೆ ಬಹುಪಾಲು ಚೀನಾದಲ್ಲೇ ನಡೆಯುವುದರಿಂದ ಅವಲಂಬನೆ ತಗ್ಗಿದೆಯೇ ಹೊರತು ನೀಗಿಲ್ಲ.